ಚಿತ್ರದ ಪೀರಿಯಡ್ಡು ಮತ್ತು ಕುಲಕಸುಬು

ಶನಿವಾರದ ಕೊನೇ ಪೀರಿಯಡ್ಡು ಚಿತ್ರ ಬರೆಯೋದು. ಇಡೀ ಕ್ಲಾಸು ಬರೆಯುತ್ತಿದ್ದದ್ದು ಒಂದೇ ಚಿತ್ರ: ಎರಡು ಗುಡ್ಡ, ನಡುವೆ ಸೂರ್ಯ, ಒಂದು ಹೆಂಚಿನ ಮನೆ, ಪಕ್ಕಕ್ಕೆ ತೆಂಗಿನ ಮರ. ನಮ್ಮೂರಲ್ಲಿ ಗುಡ್ಡವಿಲ್ಲ. ನಮ್ಮ ಕೇರಿಯಲ್ಲಿ ತೆಂಗಿನ ಮರವೂ ಇಲ್ಲ. ಆದರೂ ಬರೆದೆವು. ಅಷ್ಟರಲ್ಲಿ ಕೂಗು ಬರುತ್ತಿತ್ತು: "ಕೇರಿ ಹುಡುಗ್ರು ಬನ್ರೋ, ಅಂಗಳ ಗುಡಿಸ್ರೋ." ಅರ್ಧ ಬರೆದ ಸೂರ್ಯನನ್ನು ಬಿಟ್ಟು ನಾವು ಪೊರಕೆ ಹಿಡಿದೆವು. ಮಿಕ್ಕವರು ಬಣ್ಣ ತುಂಬುತ್ತಾ ಕೂತರು.

ಇದು ಒಬ್ಬ ಮೇಷ್ಟ್ರ ಕೆಟ್ಟತನ ಅಂತ ಹೇಳಿ ಮುಗಿಸೋ ಮಾತಲ್ಲ. ಶಾಲೆಯೊಳಗೆ ಯಾವ ಮಗುವಿನ ಕೈ ಯಾವ ಕೆಲಸಕ್ಕೆ ಎಂಬುದಕ್ಕೆ ಒಂದು ಚರಿತ್ರೆಯೇ ಇದೆ. ಅದನ್ನು ನಾವು ಓದಿಕೊಳ್ಳಬೇಕು.

1937ರ ಅಕ್ಟೋಬರ್ 22 ಮತ್ತು 23ರಂದು ವಾರ್ಧಾದಲ್ಲಿ ಗಾಂಧೀಜಿಯ ಅಧ್ಯಕ್ಷತೆಯಲ್ಲಿ ಶಿಕ್ಷಣ ಸಮ್ಮೇಳನ ನಡೆಯಿತು. ಜಾಕಿರ್ ಹುಸೇನರ ಸಮಿತಿ ಯೋಜನೆ ಬರೆಯಿತು. ಏಳು ವರ್ಷ ಉಚಿತ, ಕಡ್ಡಾಯ ಶಿಕ್ಷಣ; ತಾಯ್ನುಡಿಯಲ್ಲಿ ಪಾಠ; ಎಲ್ಲದರ ನಡುವೆ ಒಂದು ಕೈಕೆಲಸ. ನೂಲುವುದು, ನೇಯುವುದು, ಮರಗೆಲಸ, ಬೇಸಾಯ, ಹೀಗೆ. ಇದೇ ನಯೀ ತಾಲೀಮ್. ಅಗ್ರಹಾರದ ಮಗುವೂ ಕೇರಿಯ ಮಗುವೂ ಒಂದೇ ತಕಲಿ ಹಿಡಿಯಬೇಕು ಎಂಬುದನ್ನು ನಾವು ಹಗುರವಾಗಿ ಕಾಣೋದಿಲ್ಲ. ಆದರೆ ಮಕ್ಕಳು ಮಾಡಿದ್ದನ್ನು ಮಾರಿ ಶಾಲೆಯ ಖರ್ಚು ತೂಗಿಸಬಹುದು ಎಂಬ ಲೆಕ್ಕವೂ ಅದರೊಳಗಿತ್ತು. ಕೂಲಿಯವರ ಮನೆಯಿಂದ ಬಂದ ನಮಗೆ ಆ ಲೆಕ್ಕ ಕೇಳಿದರೆ ಎದೆ ಝಲ್ಲೆನ್ನುತ್ತದೆ. ದುಡಿಯೋದು ಕಲಿಯೋಕೆ ನಮ್ಮ ಮಕ್ಕಳು ಶಾಲೆಗೆ ಬರಬೇಕಿರಲಿಲ್ಲ. ಅದು ಮನೇಲೇ ಇತ್ತು.

ಅದೇ ಪಠ್ಯಕ್ರಮದಲ್ಲಿ ಚಿತ್ರಕ್ಕೂ ಸಂಗೀತಕ್ಕೂ ಜಾಗವಿತ್ತು ಎಂಬುದನ್ನು ಬಹಳ ಜನ ಮರೆತಿದ್ದಾರೆ. ಶಾಂತಿನಿಕೇತನದ ಕಲಾಭವನದಲ್ಲಿ ಕಲಿತ ದೇವಿಪ್ರಸಾದ್ 1944ರಲ್ಲಿ ಸೇವಾಗ್ರಾಮಕ್ಕೆ ಬಂದು ಮಕ್ಕಳಿಗೆ ಕಲೆ ಕಲಿಸಿದರು. ಕಲೆ ಶಿಕ್ಷಣದ ಒಡವೆಯಲ್ಲ, ಬುನಾದಿ ಎಂದು ವಾದಿಸಿ ಪುಸ್ತಕವನ್ನೇ ಬರೆದರು. ಆದರೆ ಹಳ್ಳಿ ಶಾಲೆಗಳಿಗೆ ಬಂದದ್ದು ತಕಲಿ. ಬಣ್ಣ ಬರಲಿಲ್ಲ.

ಜಾತಿ ಕೆಲಸವನ್ನಷ್ಟೇ ಹಂಚುವುದಿಲ್ಲ, ಕೆಲಸಗಾರರನ್ನೇ ಒಡೆದು ಮೇಲೆ ಕೆಳಗೆ ನಿಲ್ಲಿಸುತ್ತದೆ ಎಂದು ಬಾಬಾಸಾಹೇಬರು 1936ರಲ್ಲೇ ತೋರಿಸಿದ್ದರು. ಅದು ಶಾಲೆಯ ವೇಳಾಪಟ್ಟಿಯೊಳಗೇ ಬಂದು ಕೂತದ್ದು 1953ರಲ್ಲಿ. ಮದರಾಸಿನ ಮುಖ್ಯಮಂತ್ರಿ ರಾಜಾಜಿ ಹಳ್ಳಿಯ ಪ್ರಾಥಮಿಕ ಶಾಲೆಗಳಿಗೆ ಹೊಸ ಯೋಜನೆ ತಂದರು. ದಿನಕ್ಕೆ ಮೂರು ಗಂಟೆ ಪಾಠ, ಎರಡು ಪಾಳಿ. ಉಳಿದ ಹೊತ್ತು ಮಗು ಮನೆಗೆ ಹೋಗಿ ಅಪ್ಪನ ಕಸುಬು ಕಲಿಯಬೇಕು. ಆಗ ದಕ್ಷಿಣ ಕನ್ನಡವೂ ಕೊಳ್ಳೇಗಾಲವೂ ಮದರಾಸಿಗೇ ಸೇರಿದ್ದವು. ಯೋಚಿಸಿ ಗೆಳೆಯರೇ: ವಕೀಲರ ಮಗ ಅಪ್ಪನ ಹತ್ರ ಕಾನೂನಿನ ಪುಸ್ತಕ ನೋಡುತ್ತಾನೆ. ಬುಟ್ಟಿ ಹೆಣೆಯುವ ಕೊರಗರ ಮಗು ಏನು ನೋಡಬೇಕು? ಜಲಗಾರರ ಮಗು ಏನು ಕಲೀಬೇಕು? ವಾರ್ಧಾದಲ್ಲಿ ಎಲ್ಲ ಮಕ್ಕಳಿಗೂ ಒಂದೇ ಕೆಲಸ. ಇಲ್ಲಿ ಅವರವರ ಅಪ್ಪನ ಕೆಲಸ. ಎರಡರ ನಡುವಿನ ದೂರವೇ ಜಾತಿ.

ಪೆರಿಯಾರ್ ಮತ್ತು ಸಂಗಾತಿಗಳು ಇದನ್ನು 'ಕುಲಕಲ್ವಿ' ಎಂದು ಕರೆದು ಬೀದಿಗಿಳಿದರು. 1953ರ ಜುಲೈನಲ್ಲಿ, ಯೋಜನೆ ಕೈಬಿಡಬೇಕೆಂಬ ಸೂಚನೆಗೆ ವಿಧಾನಸಭೆಯಲ್ಲಿ 138-138 ಸಮ ಮತ ಬಿತ್ತು. ಕಾಂಗ್ರೆಸ್ಸಿನೊಳಗೂ ವಿರೋಧ ಬೆಳೆಯಿತು. 1954ರಲ್ಲಿ ರಾಜಾಜಿ ಇಳಿದರು, ಕಾಮರಾಜ್ ಬಂದರು. ಅದೇ ವರ್ಷ ಯೋಜನೆ ರದ್ದಾಯಿತು. ಜನ ಎದ್ದು ನಿಂತದ್ದಕ್ಕೇ ರದ್ದಾಯಿತು ಎಂಬುದನ್ನು ನೆನಪಿಡಿ.

ಕಾಗದದ ಮೇಲೆ ರದ್ದಾದದ್ದು ಅಂಗಳದಲ್ಲಿ ಉಳಿದಿದೆ. ನಮ್ಮ ಕೈಗೆ ಬಂದ ಪೊರಕೆಯೇ ಅದಕ್ಕೆ ಸಾಕ್ಷಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪಾಠದೊಳಗೆ ಕಲೆ ಬೆರೆಸಬೇಕು ಅನ್ನುತ್ತದೆ, ಒಳ್ಳೇದು. 6ರಿಂದ 8ನೇ ತರಗತಿಯ ಮಕ್ಕಳು ಹತ್ತು ದಿನ ಚೀಲ ಬಿಟ್ಟು ಬಡಗಿ, ಕುಂಬಾರ, ತೋಟಗಾರ, ಕಲಾವಿದರ ಹತ್ತಿರ ಕಲಿಯಲಿ ಎಂದೂ ಅನ್ನುತ್ತದೆ. ಗೌಡರ ಮಗು ಕುಂಬಾರರ ತಿಗುರಿಯ ಮುಂದೆ ಕೂತರೆ ನಮಗೂ ಸಂತೋಷ. ಕುಂಬಾರರ ಮಗುವನ್ನೇ ಮತ್ತೆ ಅಲ್ಲಿಗೆ ಕಳಿಸಿದರೆ ಅದು 1953 ತಾನೇ? ಯಾರನ್ನು ಎಲ್ಲಿಗೆ ಕಳಿಸುತ್ತಾರೆ ಅಂತ ನಾವು ಕಣ್ಣಿಟ್ಟು ನೋಡಬೇಕು.

ನಾವು ಕೈಕೆಲಸದ ವಿರೋಧಿಗಳಲ್ಲ. ತೊಗಲು ಹದ ಮಾಡಿ ತಮಟೆ ಕಟ್ಟಿದ್ದು ನಮ್ಮವರ ಕೈ. ತೊಗಲಿಗೆ ಬಣ್ಣ ಹಾಕಿ ಗೊಂಬೆ ಆಡಿಸಿದ್ದು ಶಿಳ್ಳೇಕ್ಯಾತರ ಕೈ. ಹಬ್ಬಕ್ಕೆ ಕೆಮ್ಮಣ್ಣು, ಸುಣ್ಣ ಕಲಸಿ ಗೋಡೆ ಬರೆದದ್ದು ನಮ್ಮ ಅವ್ವಂದಿರ ಕೈ. ಶಾಲೆ ಅದನ್ನು ಕಲೆ ಅನ್ನಲಿಲ್ಲ, ಕಸುಬು ಅಂದಿತು. ಹುಟ್ಟಿನಿಂದ ಹೇರಿದ್ದು ಕಸುಬು. ಮಗು ತಾನೇ ಆರಿಸಿಕೊಂಡು, ತನಗೆ ಕಂಡದ್ದನ್ನು ತನಗೆ ಬೇಕಾದ ಹಾಗೆ ಮಾಡಿದ್ದು ಕಲೆ. ಆ ಆಯ್ಕೆಯನ್ನೇ ನಮ್ಮಿಂದ ಕಿತ್ತುಕೊಂಡರು.

ಹಳ್ಳಿಯ ಮೇಷ್ಟ್ರುಗಳೇ, ಮೇಡಂಗಳೇ, ನಿಮಗೆ ನಮ್ಮದೊಂದು ಮಾತು. ಬಣ್ಣದ ಡಬ್ಬಿಗೆ ಕಾಸಿಲ್ಲದಿದ್ದರೆ ಕೆಮ್ಮಣ್ಣಿದೆ, ಇದ್ದಿಲಿದೆ, ಅರಿಶಿನವಿದೆ, ಸೊಪ್ಪಿನ ರಸವಿದೆ. ಎಲ್ಲ ಮಕ್ಕಳಿಗೂ ಒಂದೇ ಅಳತೆಯ ಹಾಳೆ ಕೊಡಿ. ಗುಡಿಸೋದಿದ್ದರೆ ಎಲ್ಲರೂ ಗುಡಿಸಲಿ, ನೀವೂ ಗುಡಿಸಿ. ಎರಡು ಗುಡ್ಡ ಸಾಕು. "ನಿಮ್ಮ ಬೀದಿ ಬರೀರಿ" ಅನ್ನಿ. ನಮ್ಮ ಮಕ್ಕಳು ಕೇರಿಯ ಬೋರಿನ ಮುಂದಿನ ಸಾಲನ್ನು ಬರೀತಾರೆ. ಕೂಲಿ ಮುಗಿಸಿ ಕತ್ತಲಲ್ಲಿ ಬರೋ ಅವ್ವನನ್ನು ಬರೀತಾರೆ. ಒಳಗೆ ಬಿಡದ ದೇವಸ್ಥಾನವನ್ನು ಹೊರಗಿಂದಲೇ ಬರೀತಾರೆ. ಆ ಚಿತ್ರಗಳನ್ನು ಶಾಲೆಯ ಗೋಡೆಗೆ ಅಂಟಿಸಿ.

ಊರು ಬಂದು ನೋಡಲಿ.