ಕಾಂಜಿ ಕಲಿಕೆಯ ಕಾಲ: ಜಪಾನಿ ಬೋಧನೆಯ ಇತಿಹಾಸದಲ್ಲಿ ಮಾತು ಮತ್ತು ಬರಹ

ಜಪಾನಿಯನ್ನು ಎರಡನೆಯ ಭಾಷೆಯಾಗಿ ಕಲಿಯುವವರು ಕಾಂಜಿಯನ್ನು ಯಾವ ಹಂತದಲ್ಲಿ ಆರಂಭಿಸಬೇಕೆಂಬುದನ್ನು ಸಾಮಾನ್ಯವಾಗಿ ಬೋಧನಾಕ್ರಮದ ಪ್ರಶ್ನೆಯೆಂದೇ ಚರ್ಚಿಸಲಾಗುತ್ತದೆ. ಮಾತು ಮತ್ತು ಬರಹಗಳ ಸಂಬಂಧವನ್ನು ಕುರಿತ ತಾತ್ತ್ವಿಕ ನಿಲುವುಗಳೇ ಈ ಕ್ರಮಗಳನ್ನು ರೂಪಿಸಿವೆಯೆಂದು ನಾವು ಇಲ್ಲಿ ವಾದಿಸುತ್ತೇವೆ.

ಎರಡನೆಯ ಮಹಾಯುದ್ಧದ ಕಾಲದ ಅಮೆರಿಕದಲ್ಲಿ ಎರಡು ಮಾರ್ಗಗಳು ಕಾಣಿಸಿಕೊಂಡವು. 1942ರಲ್ಲಿ ಕೊಲರಾಡೊದ ಬೌಲ್ಡರಿಗೆ ಸ್ಥಳಾಂತರಗೊಂಡ ನೌಕಾಪಡೆಯ ಜಪಾನಿ ಭಾಷಾ ಶಾಲೆಯು ನಗನುಮಾ ನಾವೊಎ ಅವರ ಪಠ್ಯಮಾಲೆಯನ್ನು ಬಳಸಿ ಮಾತಿನೊಂದಿಗೇ ಕಾಂಜಿಯನ್ನೂ ಕಲಿಸಿತು. ವಶಪಡಿಸಿಕೊಂಡ ದಾಖಲೆಗಳನ್ನು ಓದಬಲ್ಲವರು ಅದಕ್ಕೆ ಬೇಕಾಗಿದ್ದರು. 1945ರಲ್ಲಿ ಬರ್ನಾರ್ಡ್ ಬ್ಲಾಕ್ ಮತ್ತು ಎಲೀನರ್ ಜೋರ್ಡನ್ ಪ್ರಕಟಿಸಿದ ‘ಸ್ಪೋಕನ್ ಜಾಪನೀಸ್’ ರೋಮನ್ ಲಿಪಿಯನ್ನು ಆಶ್ರಯಿಸಿತು. ಮಾತೇ ಭಾಷೆ, ಬರಹ ಅದರ ದಾಖಲೆ ಮಾತ್ರ ಎಂಬ ಬ್ಲೂಮ್‌ಫೀಲ್ಡ್ ಪರಂಪರೆಯ ನಿಲುವು ಇದರ ತಳಹದಿ. ಜೋರ್ಡನ್ ಅವರ ‘ಬಿಗಿನಿಂಗ್ ಜಾಪನೀಸ್’ (1962–63) ಅದನ್ನೇ ಮುಂದುವರಿಸಿತು. ಓದಿಗೆಂದೇ ಮೀಸಲಾದ ‘ರೀಡಿಂಗ್ ಜಾಪನೀಸ್’ ಬಂದದ್ದು 1976ರಲ್ಲಿ. ಮರುವರ್ಷ ಜೇಮ್ಸ್ ಹೈಸಿಗ್ ವಿರುದ್ಧ ತುದಿಯನ್ನು ಹಿಡಿದರು: ಉಚ್ಚಾರಣೆಯನ್ನು ಬದಿಗಿಟ್ಟು ಅರ್ಥ ಹಾಗೂ ಬರೆಯುವ ಕ್ರಮಗಳನ್ನು ಮೊದಲು ಕಲಿಯುವ ವಿಧಾನ ಅವರದು.

ಈ ಎರಡು ತುದಿಗಳಿಗೂ ಜಪಾನಿಯ ರಚನೆಯೇ ಮಿತಿಯೊಡ್ಡುತ್ತದೆ. ‘ನೀರು’ ಎಂಬರ್ಥದ ಕಾಂಜಿ ಸ್ವತಂತ್ರ ಪದವಾಗಿ ‘ಮಿಜು’. ‘ಸುಇಯೋಬಿ’ (ಬುಧವಾರ) ಎಂಬಲ್ಲಿ ‘ಸುಇ’. ಒಂದೇ ಚಿಹ್ನೆಯನ್ನು ಸಂದರ್ಭಾನುಸಾರ ‘ನೀರು’ ಎಂದೂ ‘ಜಲ’ ಎಂದೂ ಓದಬೇಕಾಗಿದ್ದರೆ ಕನ್ನಡಿಗರಿಗೆ ಎದುರಾಗುತ್ತಿದ್ದ ಸ್ಥಿತಿಯಿದು. ಪದವನ್ನು ಅರಿಯದವರಿಗೆ ಸರಿಯಾದ ಓದನ್ನು ಚಿಹ್ನೆಯೊಂದೇ ತಿಳಿಸಲಾರದು.

ಇದಕ್ಕೆ ಪ್ರತಿಯಾಗಿ, ‘ಗಕುಸೆಇ’ (ವಿದ್ಯಾರ್ಥಿ), ‘ದಾಇಗಕು’ (ವಿಶ್ವವಿದ್ಯಾಲಯ), ‘ಗಕ್ಕೋ’ (ಶಾಲೆ) ಪದಗಳಲ್ಲಿರುವುದು ಒಂದೇ ಆಕೃತಿಮಾ. ಮೂರನೆಯದರಲ್ಲಿ ಧ್ವನಿರೂಪ ಬದಲಾದರೂ ಕಾಂಜಿ ಬದಲಾಗುವುದಿಲ್ಲ. ‘ವಿಜ್ಞಾನ’ವೂ ‘ಕಗಕು’, ‘ರಸಾಯನಶಾಸ್ತ್ರ’ವೂ ‘ಕಗಕು’, ಬೇರ್ಪಡಿಸುವುದು ಬರಹ. ಕಾಂಜಿಯನ್ನು ಬಹುಕಾಲ ಮುಂದೂಡಿದರೆ ಪದರಚನೆಯ ಈ ಪಾರದರ್ಶಕತೆ ಕಲಿಯುವವರಿಗೆ ದೊರೆಯುವುದಿಲ್ಲ.

ಜಪಾನಿನ ಪ್ರಾಥಮಿಕ ಶಾಲೆಗಳು ಆರು ವರ್ಷಗಳಲ್ಲಿ 1026 ಕಾಂಜಿಗಳನ್ನು ಕಲಿಸುತ್ತವೆ. ಆದರೆ ಆ ಮಕ್ಕಳು ಮಾತನ್ನು ತಂದೇ ಶಾಲೆಗೆ ಬರುತ್ತಾರೆ. 2010ರ ಪರಿಷ್ಕೃತ ಪಟ್ಟಿಯ 2136 ಕಾಂಜಿಗಳೂ ಸಾಮಾನ್ಯ ಬಳಕೆಯ ವ್ಯಾಪ್ತಿಯನ್ನು ಸೂಚಿಸುತ್ತವೆಯೇ ಹೊರತು ವಿದೇಶೀಯ ವಯಸ್ಕರ ಕಲಿಕೆಯ ಕ್ರಮವನ್ನಲ್ಲ. ಆದ್ದರಿಂದ ‘ಕಾಂಜಿ ಯಾವಾಗ?’ ಎಂಬ ಪ್ರಶ್ನೆಯನ್ನು ಇಡೀ ಲಿಪಿಗೆ ಒಮ್ಮೆಲೇ ಕೇಳುವುದು ತಪ್ಪೆಂದು ನಮ್ಮ ಅಭಿಪ್ರಾಯ. ಪ್ರತಿಯೊಂದು ಕಾಂಜಿಯೂ ತನ್ನ ಒಂದೆರಡು ಪದಗಳ ಪರಿಚಯವಾದ ಕೂಡಲೇ ಬರಬೇಕು. ವ್ಯಾಕರಣ ಮುಗಿಯಲೆಂದು ಕಾಯಬೇಕಿಲ್ಲ.