ಹೈಡ್ರೋಜನ್‌ನ ಅತಿಸೂಕ್ಷ್ಮ ಆವೃತ್ತಿ: ಒಂದು ಅಳತೆಯ ಚರಿತ್ರೆ

ಹೈಡ್ರೋಜನ್ ಪರಮಾಣುವಿನ ಅತ್ಯಂತ ಕೆಳಗಿನ ಶಕ್ತಿಮಟ್ಟ ವಾಸ್ತವದಲ್ಲಿ ಒಂದಲ್ಲ, ಎರಡು. ಎಲೆಕ್ಟ್ರಾನ್ ಮತ್ತು ಪ್ರೋಟಾನ್‌ಗಳ ಸ್ಪಿನ್ ಒಂದೇ ದಿಕ್ಕಿಗಿದ್ದರೆ ಶಕ್ತಿ ತುಸು ಹೆಚ್ಚು, ಎದುರುಬದುರಾಗಿದ್ದರೆ ತುಸು ಕಡಿಮೆ. ಈ ಅಂತರಕ್ಕೆ ಸರಿಹೊಂದುವ ವಿಕಿರಣದ ಆವೃತ್ತಿ ಸುಮಾರು 1420 ಮೆಗಾಹರ್ಟ್ಸ್, ತರಂಗಾಂತರ 21 ಸೆಂಟಿಮೀಟರ್. ಅತಿಸೂಕ್ಷ್ಮ ಅಂತರ ಎನ್ನಲಾಗುವ ಇದನ್ನು ಲೆಕ್ಕಹಾಕುವ ಸೂತ್ರವನ್ನು ಎನ್ರಿಕೊ ಫರ್ಮಿ 1930ರಲ್ಲಿ ಕೊಟ್ಟರು. ಎರಡೂ ಕಣಗಳ ಕಾಂತೀಯ ಮೊಮೆಂಟ್ ಮತ್ತು ಪ್ರೋಟಾನ್ ಇರುವಲ್ಲೇ ಎಲೆಕ್ಟ್ರಾನ್ ಸಿಗುವ ಸಂಭವನೀಯತೆ ತಿಳಿದಿದ್ದರೆ ಅಷ್ಟು ಸಾಕಿತ್ತು.

ಆ ಲೆಕ್ಕವನ್ನು ಒರೆಗೆ ಹಚ್ಚಿದ್ದು 1947ರಲ್ಲಿ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ನೇಫ್, ನೆಲ್ಸನ್ ಮತ್ತು ರಾಬಿ ಹೈಡ್ರೋಜನ್ ಪರಮಾಣುಗಳ ಪುಂಜವನ್ನು ನಿರ್ವಾತದಲ್ಲಿ ಹಾಯಿಸಿ ಅಳೆದಾಗ 1421.3 ಮೆಗಾಹರ್ಟ್ಸ್ ಬಂತು. ಸಿದ್ಧಾಂತ ಹೇಳಿದ್ದು 1416.9. ವ್ಯತ್ಯಾಸ ಶೇಕಡಾ 0.3ರಷ್ಟು ಮಾತ್ರ, ಆದರೆ ಅಳತೆಯ ದೋಷಮಿತಿ ಅದಕ್ಕಿಂತ ಬಹಳ ಚಿಕ್ಕದಾಗಿತ್ತು. ಡ್ಯೂಟೀರಿಯಂನಲ್ಲೂ ಹೆಚ್ಚುಕಡಿಮೆ ಇದೇ ಪ್ರಮಾಣದ ಏರುಪೇರು ಕಂಡದ್ದರಿಂದ ಸಂಶಯ ಬೀಜಕೇಂದ್ರದಿಂದ ಎಲೆಕ್ಟ್ರಾನ್ ಕಡೆಗೆ ತಿರುಗಿತು. ಎಲೆಕ್ಟ್ರಾನ್‌ನ ಕಾಂತೀಯ ಮೊಮೆಂಟ್ ಡಿರಾಕ್‌ನ ಸಿದ್ಧಾಂತ ಹೇಳಿದ್ದಕ್ಕಿಂತ ತುಸು ಹೆಚ್ಚಿರಬಹುದೆಂದು ಗ್ರೆಗರಿ ಬ್ರೈಟ್ ಸೂಚಿಸಿದರು. ಕುಶ್ ಮತ್ತು ಫೋಲಿ ಅದನ್ನು ಪ್ರಯೋಗದಿಂದ ದೃಢಪಡಿಸಿದರು. ಜೂಲಿಯನ್ ಶ್ವಿಂಗರ್ ಆ ಹೆಚ್ಚಳ ಶೇಕಡಾ 0.116 ಎಂದು ಸಿದ್ಧಾಂತದಿಂದಲೇ ಹೊರತೆಗೆದರು. ಕ್ವಾಂಟಂ ವಿದ್ಯುತ್‌ಚಲನಶಾಸ್ತ್ರದ ಹುಟ್ಟನ್ನು ವಿವರಿಸುವಾಗ ಹೈಡ್ರೋಜನ್ ಶಕ್ತಿಮಟ್ಟಗಳ ಇನ್ನೊಂದು ಸಣ್ಣ ಏರುಪೇರಾದ ಲ್ಯಾಂಬ್ ಪಲ್ಲಟಕ್ಕೆ ಸಲ್ಲುವ ಸ್ಥಾನ ಈ ಅಳತೆಗೂ ಸಲ್ಲಬೇಕು.

ನಿಖರತೆಯನ್ನು ಇನ್ನೂ ಹೆಚ್ಚಿಸಲು ಅಡ್ಡಿಯಾದದ್ದು ಪರಮಾಣುವಿನ ಸ್ವಭಾವವಲ್ಲ. ಮೇಲಿನ ಮಟ್ಟದ ಪರಮಾಣು ತಾನಾಗಿ ಕೆಳಗಿಳಿಯಲು ಸರಾಸರಿ 1.1 ಕೋಟಿ ವರ್ಷ ಹಿಡಿಯುವುದರಿಂದ ರೇಖೆಯ ಸಹಜ ಅಗಲ ಲೆಕ್ಕಕ್ಕೇ ಬಾರದು. ತೊಂದರೆ ಇದ್ದದ್ದು ವೀಕ್ಷಣೆಯ ಅವಧಿಯಲ್ಲಿ: ಪುಂಜದ ಪರಮಾಣು ಕಣ್ಣಿಗೆ ಬೀಳುವ ಕಾಲ ಕಡಿಮೆಯಾದಷ್ಟೂ ರೇಖೆ ಅಗಲವಾಗುತ್ತದೆ. ಹಾಗಾದರೆ ಪರಮಾಣುವನ್ನು ಹಿಡಿದಿಟ್ಟುಕೊಳ್ಳಬೇಕು. ಹಾರ್ವರ್ಡ್‌ನಲ್ಲಿ ಗೋಲ್ಡನ್‌ಬರ್ಗ್, ಕ್ಲೆಪ್ನರ್ ಮತ್ತು ರ್‍ಯಾಮ್ಸೆ 1960ರಲ್ಲಿ ಇದಕ್ಕಾಗಿ ಹೈಡ್ರೋಜನ್ ಮೇಸರ್ ಎಂಬ ಉಪಕರಣ ಕಟ್ಟಿದರು. ಮೇಲಿನ ಮಟ್ಟದ ಪರಮಾಣುಗಳನ್ನು ಕಾಂತಕ್ಷೇತ್ರದಿಂದ ಆರಿಸಿ, ಒಳಗೋಡೆಗೆ ವಿಶೇಷ ಲೇಪನವಿರುವ ಬುರುಡೆಯೊಳಗೆ ಬಿಡಲಾಗುತ್ತಿತ್ತು. ಟೆಫ್ಲಾನ್ ಲೇಪನ ಬಂದಮೇಲೆ ಪರಮಾಣು ಸಾವಿರಾರು ಸಲ ಗೋಡೆಗೆ ಬಡಿದು ಮರಳಿದರೂ ಸೆಕೆಂಡಿನಷ್ಟು ಕಾಲ ತನ್ನ ಸ್ಥಿತಿಯನ್ನು ಉಳಿಸಿಕೊಂಡಿತು. ರೇಖೆ ಸುಮಾರು ಒಂದು ಹರ್ಟ್ಸ್‌ಗೆ ಕಿರಿದಾಯಿತು.

ಆದರೆ ಗೋಡೆಯೊಂದಿಗಿನ ಪ್ರತಿ ಡಿಕ್ಕಿಯೂ ಆವೃತ್ತಿಯನ್ನು ಅತ್ಯಲ್ಪ ಪ್ರಮಾಣದಲ್ಲಿ ಸರಿಸುತ್ತದೆ. ಬೇರೆಬೇರೆ ವ್ಯಾಸದ ಬುರುಡೆಗಳಲ್ಲಿ ಅಳೆದು, ಬುರುಡೆ ಅನಂತವಾಗಿ ದೊಡ್ಡದಿದ್ದರೆ ಬರಬೇಕಾದ ಬೆಲೆಯನ್ನು ಊಹಿಸುವುದೇ ಇದಕ್ಕೆ ದಾರಿ. 1970ರ ಸುಮಾರಿಗೆ ಅಮೆರಿಕ ಮತ್ತು ಬ್ರಿಟನ್ನಿನ ತಂಡಗಳು ಹೀಗೆ ಶ್ರಮಪಟ್ಟು 1420405751.767 ಹರ್ಟ್ಸ್ ಎಂಬ ಬೆಲೆಗೆ ತಲುಪಿದವು. ಅನಿಶ್ಚಿತತೆ ಹರ್ಟ್ಸ್‌ನ ಸಾವಿರದ ಒಂದೆರಡು ಭಾಗ ಮಾತ್ರ.

ಸಿದ್ಧಾಂತಕ್ಕೆ ಇಷ್ಟು ದೂರ ಬರಲಾಗಿಲ್ಲ. ಪ್ರೋಟಾನ್ ಬಿಂದುವಲ್ಲ, ಅದರೊಳಗಿನ ವಿದ್ಯುದಾವೇಶ ಮತ್ತು ಕಾಂತತೆಯ ಹಂಚಿಕೆ ಆವೃತ್ತಿಯನ್ನು ದಶಲಕ್ಷಕ್ಕೆ ಹತ್ತಾರು ಭಾಗದಷ್ಟು ಬದಲಿಸುತ್ತದೆ. ಝೀಮಾಕ್ 1956ರಲ್ಲಿ ಈ ತಿದ್ದುಪಡಿಗೆ ರೂಪ ಕೊಟ್ಟರೂ ಪ್ರೋಟಾನ್‌ನ ಒಳರಚನೆ ಸಾಕಷ್ಟು ತಿಳಿಯದೆ ಲೆಕ್ಕ ದಶಲಕ್ಷದಲ್ಲಿ ಒಂದು ಭಾಗದ ಸುತ್ತಲೇ ನಿಂತಿದೆ. ಈ ಅಡ್ಡಿಯನ್ನು ತಪ್ಪಿಸಿ ಹೋಗುವ ಉಪಾಯವೂ ಇದೆ: ಉದ್ರಿಕ್ತ 2ಎಸ್ ಮಟ್ಟದ ಅತಿಸೂಕ್ಷ್ಮ ಆವೃತ್ತಿಯನ್ನು ಎಂಟರಿಂದ ಗುಣಿಸಿ ತಳಮಟ್ಟದ ಆವೃತ್ತಿಯನ್ನು ಕಳೆದರೆ ಪ್ರೋಟಾನ್ ರಚನೆಯ ಪ್ರಭಾವ ಬಹುಪಾಲು ಹೊಡೆದುಹೋಗುತ್ತದೆ. 2009ರಲ್ಲಿ ಪ್ರಕಟವಾದ ಲೇಸರ್ ಪ್ರಯೋಗದಲ್ಲಿ 2ಎಸ್ ಬೆಲೆ 177556834.3 ಹರ್ಟ್ಸ್ ಎಂದು ಸಿಕ್ಕಿತು; ವ್ಯತ್ಯಾಸ ಸುಮಾರು 48.92 ಕಿಲೋಹರ್ಟ್ಸ್, ದೋಷಮಿತಿಯೊಳಗೆ ಸಿದ್ಧಾಂತಕ್ಕೆ ಹೊಂದುತ್ತದೆ.

ಇದೇ ಅಂತರವನ್ನು ಪ್ರತಿಹೈಡ್ರೋಜನ್‌ನಲ್ಲೂ ಅಳೆಯಲಾಗಿದೆ. ಜಿನೀವಾ ಬಳಿಯ ಸರ್ನ್‌ನಲ್ಲಿ ಆಲ್ಫಾ ತಂಡ 2017ರಲ್ಲಿ ಪಡೆದ ಬೆಲೆ 1420.4 ಮೆಗಾಹರ್ಟ್ಸ್, ಅನಿಶ್ಚಿತತೆ 0.5 ಮೆಗಾಹರ್ಟ್ಸ್. ದ್ರವ್ಯ ಮತ್ತು ಪ್ರತಿದ್ರವ್ಯಗಳ ಹೋಲಿಕೆಯಲ್ಲಿ ಮೇಸರ್‌ನ ಮಟ್ಟದ ನಿಖರತೆ ಸಾಧಿಸಲು ಆ ಅಳತೆಯಿಂದ ಮುಂದೆ ಸುಮಾರು ಒಂಬತ್ತು ಅಂಕಿಗಳನ್ನು ಗಳಿಸಬೇಕಿದೆ.