ತಲೆ ಹಾರಿದ ಸ್ಪ್ಲೇ

ನಮ್ಮ ಬೀದಿಯ ಮೂಲೆ ಸೈಟಿನಲ್ಲಿ ಮೊನ್ನೆ ಎಂಜಿನಿಯರ್ ಸುಣ್ಣದ ಗೆರೆ ಎಳೆಸುತ್ತ, ‘ಇಲ್ಲಿ ಸ್ಪ್ಲೇ ಬಿಡಬೇಕು’ ಅಂದರು. ಮೇಸ್ತ್ರಿ ಕಕ್ಕಾಬಿಕ್ಕಿ. ‘ಸ್ಪ್ರೇನಾ ಸಾರ್?’ ತಿರುವಿನಲ್ಲಿ ಎದುರು ಗಾಡಿ ಕಾಣಲೆಂದು ಕಾಂಪೌಂಡಿನ ಮೂಲೆಯನ್ನು ಓರೆಯಾಗಿ ಕತ್ತರಿಸುವುದಕ್ಕೆ ಆ ಹೆಸರು. ‘ಮೂಲೆ ಮುರೀಬೇಕು ಅನ್ನಿ ಮತ್ತೆ’ ಎಂದು ಆತ ಗುದ್ದಲಿ ಎತ್ತಿಕೊಂಡ.

ಎರಡು ಕಡೆಗೆ ಅಗಲಿಸುವುದಕ್ಕೆ ಇಂಗ್ಲಿಷಿನಲ್ಲಿ ಸ್ಪ್ಲೇ. ಡಿಸ್‌ಪೋರ್ಟ್ ತಲೆ ಹಾರಿ ಸ್ಪೋರ್ಟ್ ಆದ ಹಾಗೆ, ಇದು ತಲೆ ಹಾರಿದ ಡಿಸ್‌ಪ್ಲೇ. ಹಾರಿಸಿದವರು ದುಡಿಯುವ ಜನ ಎಂಬುದು ನನ್ನ ವಾದ. ಮೊದಲಕ್ಷರಕ್ಕೆಲ್ಲ ಅವರಿಗೆಲ್ಲಿ ಪುರುಸೊತ್ತು? ಸ್ಟೇಷನ್ನನ್ನು ಟೇಸನ್ ಮಾಡಿದವರೂ ಅವರೇ. ಡಿಸ್‌ಪ್ಲೇ ಅರಮನೆಯಲ್ಲೇ ಉಳಿಯಿತು: ಲಾಂಛನದಲ್ಲಿ ರೆಕ್ಕೆ ಬಿಚ್ಚಿ ನಿಂತ ಹಕ್ಕಿಗೆ ಅಲ್ಲಿ ‘ಡಿಸ್‌ಪ್ಲೇಡ್’ ಎನ್ನುತ್ತಾರೆ. ನಮ್ಮ ಗಂಡಭೇರುಂಡದ ಭಂಗಿಯೂ ಅದೇ. ಸ್ಪ್ಲೇ ಮಾತ್ರ ಗಾರೆಯವರ ಪಾಲು. ಕೋಟೆಯ ದಪ್ಪ ಗೋಡೆಯಲ್ಲಿ ಹೊರಗೆ ಸೀಳಿನಷ್ಟಿದ್ದು ಒಳಗೆ ಅಗಲವಾಗುವ ಕಿಂಡಿಯೂ ಸ್ಪ್ಲೇ. ಪಂಡಿತರು ನನ್ನ ವಾದ ಒಪ್ಪಲಿಕ್ಕಿಲ್ಲ. ಬಿಡಿ.

ಕನ್ನಡಕ್ಕೆ ಈ ಪಂಕ್ತಿಭೇದವೇ ಇಲ್ಲ. ‘ಕಿಸಿ’ ಒಂದೇ ಸಾಕು. ಕಾಲು ಕಿಸಿದರೆ ಸ್ಪ್ಲೇ, ಹಲ್ಲು ಕಿಸಿದರೆ ಡಿಸ್‌ಪ್ಲೇ!

‘ಕಾಲು ಕಿಸ್ಕಂಡು ಕೂತ್ರೆ ಮನೆಗೆ ದರಿದ್ರ’ ಎಂದು ಅಜ್ಜಿ ನಮ್ಮ ತೊಡೆಗೆ ಚಿವುಟುತ್ತಿದ್ದಳು. ರಾಗಿ ಬೀಸಲು ಕೂತಾಗ ಮಾತ್ರ ಸೀರೆಯನ್ನು ಮೊಣಕಾಲಿನವರೆಗೆ ಸೆಕ್ಕಿ, ಬೀಸುಕಲ್ಲಿನ ಆಚೆಗೊಂದು ಈಚೆಗೊಂದು ಕಾಲು. ಒಂದು ಕೈ ಗೂಟದ ಮೇಲೆ, ಇನ್ನೊಂದರಲ್ಲಿ ಹಿಡಿ ರಾಗಿ. ಕಲ್ಲಿನ ಸುತ್ತ ಉದುರಿದ ಹಿಟ್ಟು ಅವಳ ಕಾಲ್ಬೆರಳ ಸಂದಿಯಲ್ಲೂ ಇರುತ್ತಿತ್ತು. ‘ಈಗ ದರಿದ್ರ ಬರಲ್ವಾ?’ ಅಂದೆ ಒಮ್ಮೆ. ‘ಕಲ್ಲಿಗೆ ಜಾಗ ಬ್ಯಾಡ್ವೇನೋ?’ ಅಂದಳು, ಬೀಸುವುದು ನಿಲ್ಲಲಿಲ್ಲ. ದರಿದ್ರಕ್ಕೂ ದುಡಿಮೆಗೂ ಕೂರುವ ಭಂಗಿ ಒಂದೇ ಎಂದು ಆಗ ಹೊಳೆದಿರಲಿಲ್ಲ.

ಈಗ ನಾನು ಹೋಗುವ ಯೋಗ ತರಗತಿಯಲ್ಲಿ ‘ಲೆಗ್ಸ್ ಸ್ಪ್ರೆಡ್ ಮಾಡಿ, ಹ್ಯಾಂಡ್ಸ್ ಓಪನ್ ಮಾಡಿ’. ‘ಮಾಡಿ’ಯೊಂದೇ ಕನ್ನಡ. ಆಸನಗಳ ಹೆಸರೆಲ್ಲ ಸಂಸ್ಕೃತದಲ್ಲಿ ಸ್ಪಷ್ಟ, ಕಾಲು ಮಾತ್ರ ಲೆಗ್ಗು. ತಡೆಯಲಾರದೆ ಕಳೆದ ವಾರ ಹೇಳಿಯೇಬಿಟ್ಟೆ: ‘ಮೇಡಂ, ಕಾಲು ಕಿಸೀರಿ ಅನ್ನಿ, ಸಾಕು.’

ತರಗತಿಗೆ ತರಗತಿಯೇ ಹಲ್ಲು ಕಿಸಿಯಿತು.